ಮುಟ್ಟಬೇಡಿ ಮಾವ, ಪೇಜು ಬರ್ತಾ ಇದೆ

ಮೊದಲು ಒಂದು ಒಗಟು. ತಿರುಗುತ್ತೆ, ಒಂದು ಗೇಣು ಮುಂದೆ ಹೋಗಲ್ಲ. ಬೈದರೆ ಕೇಳಿಸಲ್ಲ, ಹೊಡೆದರೆ ನೋಯಲ್ಲ. ಒಂದು ಮಧ್ಯಾಹ್ನ ತಿರುಗೀ ತಿರುಗೀ ಒಬ್ಬಳ ಹಾಸ್ಟೆಲ್ ಸೀಟಿಗೆ ಕಲ್ಲು ಹಾಕ್ತು. ಏನದು? ಬ್ರೌಸರಿನ ಚಕ್ರ ಅಂದರೆ ಅರ್ಧ ಮಾರ್ಕು. ಪೂರ್ತಿ ಉತ್ತರ ನಿಮಗೆ ಸಿಗಲ್ಲ, ಯಾಕಂದರೆ ಆವತ್ತು ನೀವು ನಮ್ಮ ಅಂಗಡಿಯಲ್ಲಿ ಇರಲಿಲ್ಲ.

ಅಂಗಡಿ ಅಂದರೆ ತಿತಿಮತಿಯ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡ್ತೀವಿ. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ನಾನು ಅಲ್ಲೇ. ಕಂಪ್ಯೂಟರ್ ಒಂದು, ಅವಸರ ಇರೋರು ಹತ್ತು ಜನ. ಅಲ್ಲಿ ಒಂದು ಎಡವಟ್ಟಾದರೂ ಆಗದೆ ಶಟರ್ ಎಳೆದ ದಿನ ನನಗೆ ನೆನಪಿಲ್ಲ. ಎಲ್ಲದಕ್ಕೂ ನಗೋನು ನಾನೇ. ಈಗ ಹೇಳೋದಕ್ಕೂ ನಕ್ಕಿದ್ದೆ, ಅದೇ ತಪ್ಪಾಯ್ತು.

ಬಾಲ ಕಂಡರೂ ಆನೆಯೇ

ಹಾಸ್ಟೆಲ್ ಅರ್ಜಿಗೆ ಬಂದವರು ಫಾರೆಸ್ಟ್ ವಾಚರ್. ನಮ್ಮ ಪಕ್ಕದ ಮನೆಯವರು, ನಾನು ಮಾವ ಅಂತೀನಿ. ಅವರ ಮಗಳು ನನ್ನ ಜೊತೆ ಓದಿದವಳು. ನನ್ನ ಹೋಂವರ್ಕನ್ನೂ ಅವಳೇ ಬರೀತಿದ್ದಳು, ಬೇಕಂತಲೇ ನಾಲ್ಕು ತಪ್ಪು ಸೇರಿಸಿ, ಮೇಷ್ಟ್ರಿಗೆ ಅನುಮಾನ ಬರದ ಹಾಗೆ. ಅವಳಿಗೆ ಮಡಿಕೇರಿ ಕಾಲೇಜು ಸಿಕ್ಕಿತ್ತು. ಹಾಸ್ಟೆಲ್ ಸಿಗದಿದ್ದರೆ ದಿನಾ ಬೆಳಕು ಹರಿಯೋ ಮೊದಲೇ ಕಾಡಂಚಿನ ದಾರೀಲಿ ಬಸ್ಸಿಗೆ ನಡೀಬೇಕು.

"ಆ ದಾರೀಲಿ ಯಾರ್ಯಾರು ಓಡಾಡ್ತಾರೆ ಅಂತ ನಂಗೊತ್ತು ಮಗಾ," ಅಂದರು ಮಾವ. ಅವರು 'ಯಾರು' ಅಂದರೆ ಆನೆ ಅಂತ ಅರ್ಥ.

ಪೇಜು ತೆರೆದೆ. ನೀವು ಮನುಷ್ಯರೇ ಅಂತ ಸಾಬೀತು ಮಾಡಿ, ಸಿಗ್ನಲ್ ದೀಪ ಇರೋ ಚೌಕಗಳನ್ನೆಲ್ಲ ಒತ್ತಿ ಅಂತು. ಮಾವ ಸಿಗ್ನಲ್ ದೀಪ ಕಂಡವರಲ್ಲ. ತೋರಿಸಿಕೊಟ್ಟೆ. ಅವರು ದೀಪ ಒತ್ತಿದರು, ಕಂಬ ಒತ್ತಿದರು, ಕಂಬದ ನೆರಳು ಬಿದ್ದ ಚೌಕಾನೂ ಒತ್ತಿದರು.

"ಮಾವ, ಅದು ಬರೀ ನೆರಳು."

"ಆನೆ ಲೆಕ್ಕ ಮಾಡುವಾಗ ಪೊದೆಯಿಂದ ಬಾಲ ಒಂದೇ ಕಂಡರೂ ಆನೆ ಅಂತಲೇ ಬರೀತೀವಿ. ಪೂರ್ತಿ ಆನೆ ಹೊರಗೆ ಬರಲಿ ಅಂತ ಕೂತರೆ ಬರೆಯೋಕೆ ನೀನಿರಲ್ಲ."

ಏಳು ಸಲ ಸೋತರು. ಎಂಟನೇ ಸಲ ನಾನು ಒತ್ತಿದೆ, ಒಳಗೆ ಬಿಡ್ತು.

"ನಿನ್ನನ್ನ ಮನುಷ್ಯ ಅಂತು, ನನ್ನನ್ನ ಅನ್ನಲಿಲ್ಲ. ಇದಕ್ಕೆ ಕಣ್ಣು ಸರಿಯಿಲ್ಲ," ಅಂದರು ಮಾವ.

ಹೋಗಿ ಅನ್ನಬಾರದು

ಅರ್ಧ ತುಂಬಿದ ಮೇಲೆ ಆದಾಯ ಪ್ರಮಾಣಪತ್ರದ ನಂಬರ್ ಕೇಳಿತು. ಅದಿನ್ನೂ ಕೈಗೆ ಬಂದಿರಲಿಲ್ಲ. ಅಂಗಡಿ ನಡೆಸೋ ಅಕ್ಕ, "ಇರಲಿ, ಆ ಪೇಜು ಹಾಗೇ ತೆರೆದಿರಲಿ," ಅಂದರು.

ಅಕ್ಕ ಯಾವ ಪೇಜನ್ನೂ ಮುಚ್ಚೋರಲ್ಲ. ಅವರ ತವರು ಕಕ್ಕಬೆ, ಮನೆಯಲ್ಲಿ ಹೋಂಸ್ಟೇ. ಬಂದವರಿಗೆ ನಾವಾಗಿ 'ಹೋಗಿ' ಅನ್ನಬಾರದು ಅಂತ ಕಲಿತು ಬೆಳೆದವರು. ಬ್ರೌಸರಿಗೂ ಅದೇ ಮರ್ಯಾದೆ. ಮೇಲ್ಗಡೆ ಟ್ಯಾಬುಗಳು ಸಾಲಾಗಿ ಕೂತು ಕೂತು ಹಲ್ಲಿನ ಹಾಗೆ ಸಣ್ಣಗಾಗಿದ್ದವು, ಯಾವುದರ ಹೆಸರೂ ಓದೋಕಾಗಲ್ಲ. ಕಂಪ್ಯೂಟರ್ ಗರ್ಭಿಣಿ ಎಮ್ಮೆ ಹಾಗೆ ಏದುಸಿರು ಬಿಡ್ತಿತ್ತು.

ಒಂದು ದಿನ ಅಕ್ಕ ಊಟಕ್ಕೆ ಹೋದಾಗ ನಾನು ಅಷ್ಟನ್ನೂ ಕಿತ್ತುಹಾಕಿದೆ. ಬ್ರೌಸರ್ ಚಿಗರೆ ಹಾಗೆ ಜಿಗೀತು. ಅಕ್ಕ ಬಂದು ನೋಡಿ, "ಎಷ್ಟು ಜೋರಾಗಿದೆ! ನೆಟ್ಟು ಬದಲಾಯಿಸಿದ್ಯಾ?" ಅಂದರು. ಆಮೇಲೆ ಖಾಲಿ ಸಾಲು ನೋಡಿ, "ವಾಚರ್ ಅವರ ಅರ್ಜಿ ಎಲ್ಲೋ?" ಅಂದರು.

ನಾನು ನಕ್ಕೆ. "ಬಂದವರು ಹೊರಟುಹೋದರು ಅಕ್ಕ."

ತಿರುಗಿದರೆ ಕೆಲಸ ಆಗ್ತಿದೆ

ಪ್ರಮಾಣಪತ್ರ ಬಂದಿದ್ದು ಕೊನೇ ದಿನ. ಸಂಜೆ ಐದಕ್ಕೆ ಅರ್ಜಿ ಬಂದ್, ತುಂಬೋದು ಮತ್ತೆ ಮೊದಲಿಂದ. ಮಾವ ರಜೆ ಹಾಕಿ ಮೂರು ಗಂಟೆಗೇ ಬಂದು ಕೂತರು. ಅಕ್ಕ ಗೋಣಿಕೊಪ್ಪಕ್ಕೆ ಹೋಗಿದ್ದರು.

ಆ ಹೊತ್ತಿಗೆ ನಾನೊಂದು ವಿಷಯ ಕಂಡುಕೊಂಡಿದ್ದೆ. ನೆಟ್ಟು ನಿಧಾನ ಅಂತ ಜನ ಬೈಯೋದಲ್ಲ. ಪರದೆ ಮೇಲೆ ಏನೂ ಅಲ್ಲಾಡದಿದ್ದರೆ ಬೈತಾರೆ. ಚಕ್ರ ತಿರುಗ್ತಾ ಇದ್ದರೆ ಒಳಗೆ ಯಾರೋ ಪಾಪ ದುಡೀತಿದ್ದಾರೆ ಅಂದುಕೊಂಡು ಸುಮ್ಮನಿರ್ತಾರೆ. ಹಾಗಾಗಿ ತಿರುಗೋ ಚಕ್ರದ ಒಂದು ವಿಡಿಯೋ ಮಾಡಿಟ್ಟುಕೊಂಡಿದ್ದೆ, ಮುಗಿದರೆ ತಾನಾಗೇ ಮತ್ತೆ ಶುರುವಾಗೋ ಥರ. ಪರದೆ ತುಂಬ ಹಾಕಿದರೆ ಥೇಟ್ ಬ್ರೌಸರೇ. ಮೌಸ್ ಒತ್ತಿದರೆ ವಿಡಿಯೋ ನಿಂತು ಗುಟ್ಟು ರಟ್ಟಾಗುತ್ತೆ. ಹೆಚ್ಚಂದರೆ ಎರಡು ನಿಮಿಷ, ಯಾರೇ ಆಗಲಿ ತಡೆಯಲಾರದೆ ಒತ್ತೇ ಒತ್ತೋರು. ಪಾಲಿಬೆಟ್ಟದಲ್ಲಿ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಒಬ್ಬರು ಒತ್ತಿದ ರಭಸಕ್ಕೆ ಮೌಸೇ ಟೇಬಲ್ಲಿಂದ ಕೆಳಗೆ ಬಿದ್ದಿತ್ತು.

ಮಾವನ ಮುಂದೆ ತಮಾಷೆಗೆ ಅದನ್ನ ಹಾಕಿದೆ. "ಮುಟ್ಟಬೇಡಿ ಮಾವ, ಪೇಜು ಬರ್ತಾ ಇದೆ. ಒಂದು ಟೀ ಕುಡಿದು ಬಂದೆ."

"ಹೋಗ್ಬಾ ಮಗಾ, ನಾನು ನೋಡ್ಕೊತೀನಿ," ಅಂದರು. ಅವರ ಕೆಲಸ ಏನು ಅಂತ ಆ ಗಳಿಗೆಯಲ್ಲಿ ನನಗೆ ಹೊಳೀಲಿಲ್ಲ. ಅಟ್ಟಣೆ ಮೇಲೆ ಉಸಿರು ಬಿಗಿಹಿಡಿದು, ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದೆ ಕಾಯೋದಕ್ಕೇ ಅವರಿಗೆ ಸಂಬಳ.

ವಾಚರ್ ಎಲ್ಲಿ?

ಟೀ ಅಂಗಡಿಯಲ್ಲಿ ಗೆಳೆಯ ಸಿಕ್ಕ. ಅವನ ಹೊಸ ಬೈಕಲ್ಲಿ ಕಾಡಿನ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ತಿರುಗಿದೆವು. ತಿರುಗಿ ನೋಡಿದರೆ ರಸ್ತೆ ಮಧ್ಯೆ ಒಂಟಿ ಸಲಗ. ಅದು ಬಿದಿರು ಮುರೀತಾ ನಿಂತಿತ್ತು, ಅವಸರ ಅನ್ನೋದೇ ಇಲ್ಲ. ನಮ್ಮ ಹಿಂದೆ ಎರಡು ಜೀಪು, ಒಂದು ಬಸ್ಸು ಬಂದು ನಿಂತವು. ಗಂಟೆ ನಾಲ್ಕಾಯ್ತು. ನಾಲ್ಕೂವರೆ ಆಯ್ತು. ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಾಯೋಕೆ ಕೂತಾಗ ಫೋನ್ ಸೈಲೆಂಟ್ ಮಾಡೋದು ಅವರ ರೂಢಿ.

ಬಸ್ಸಿನ ಡ್ರೈವರ್ ಇಳಿದು ಬಂದ. "ಇದನ್ನ ಓಡಿಸೋಕೆ ನಿಮ್ಮೂರಿನ ಆ ವಾಚರ್ರೇ ಆಗಬೇಕು ಕಣ್ರೋ. ಅವರು ಒಂದು ಕೂಗು ಹಾಕಿದರೆ ಹೋಗುತ್ತೆ. ಎಲ್ಲಿದ್ದಾರೋ ಮಾರಾಯ?"

ಎಲ್ಲರೂ ಅದನ್ನೇ ಕೇಳ್ತಿದ್ದರು. ಎಲ್ಲಿದ್ದಾರೆ ಅಂತ ಗೊತ್ತಿದ್ದವನು ನಾನೊಬ್ಬನೇ.

ಅಲ್ಲಾಡಲಿಲ್ಲ

ಸಲಗ ತಾನಾಗೇ ಕಾಡಿಗಿಳಿದ ಮೇಲೆ ಅಂಗಡಿಗೆ ಓಡಿಬಂದಾಗ ಐದೂಕಾಲು. ಮಾವ ನಾನು ಬಿಟ್ಟುಹೋದ ಹಾಗೇ ಕೂತಿದ್ದರು, ಕೈ ಎರಡೂ ಮಂಡಿ ಮೇಲೆ. ಚಕ್ರ ತಿರುಗ್ತಿತ್ತು. ನನ್ನ ಹೆಜ್ಜೆ ಸದ್ದಿಗೆ ಅವರು ಕತ್ತು ತಿರುಗಿಸಲಿಲ್ಲ, ಬೆರಳು ಮಾತ್ರ ತುಟಿಗಿಟ್ಟರು.

"ಶ್. ಈಗ ಬರೋ ಹಾಗಿದೆ ಮಗಾ. ನಾನು ಒಂಚೂರೂ ಅಲ್ಲಾಡಲಿಲ್ಲ."

ನಾನು ಅವರ ಕಾಲು ಹಿಡಿದು ನಿಜ ಹೇಳಿದೆ. ಮಾವ ಒಂದು ಗಳಿಗೆ ನನ್ನನ್ನ, ಒಂದು ಗಳಿಗೆ ಚಕ್ರಾನ ನೋಡಿದರು. ಆಮೇಲೆ ಕುರ್ಚಿ ಕಿರುಗುಟ್ಟೋ ಹಾಗೆ ನಕ್ಕರು. "ಒಂದು ನೊಣವೂ ನನ್ನ ಜೊತೆ ಕಾಯ್ತಿತ್ತು ಕಣೋ. ನಾಲ್ಕು ಗಂಟೆಗೇ ಸಾಕಾಗಿ ಎದ್ದುಹೋಯ್ತು. ನೊಣಕ್ಕಿರೋ ಬುದ್ಧಿ ನಂಗಿಲ್ಲ ನೋಡು." ಮಾರನೇ ದಿನ ಅರ್ಜಿಗೆ ಇನ್ನೊಂದು ವಾರ ಗಡುವು ಕೊಟ್ಟರು. ಸೀಟು ಸಿಕ್ತು. ಅವಳು ಮಡಿಕೇರಿಗೆ ಹೊರಟ ದಿನ ಅಂಗಡಿಗೆ ಬಂದು, ಸೀಟಿನ ಕಾಗದ ಸುರುಳಿ ಸುತ್ತಿ ನನ್ನ ತಲೆಗೆ ಒಂದು ಬಾರಿಸಿ ಹೋದಳು.

ಮಾವ 'ಅಲ್ಲಾಡಲಿಲ್ಲ' ಅಂದರಲ್ಲ, ಅಲ್ಲಿಯವರೆಗೆ ನಿಜವಾಗಿ ನಡೆದದ್ದು. ಕಾಲು ಹಿಡಿದಿದ್ದು, ಅವರು ನಕ್ಕಿದ್ದು, ನೊಣ, ಗಡುವು, ಕಾಗದದ ಏಟು, ಎಲ್ಲ ನಾನು ಕಟ್ಟಿದ್ದು. ನಾನು ಹೇಳಿದ್ದು "ನೆಟ್ಟು ಕೈಕೊಟ್ಟಿತು ಮಾವ" ಅಂತ, ಅಷ್ಟೇ. ಅವರು ನಂಬಿದರು. ಈಗ ದಿನಾ ಬೆಳಿಗ್ಗೆ ಟಾರ್ಚು ಹಿಡಿದು ಮಗಳ ಮುಂದೆ ಮುಂದೆ ನಡೀತಾ ಬಸ್ಸಿಗೆ ಬಿಡ್ತಾರೆ. ದಾರೀಲಿ ನಾನು ಸಿಕ್ಕರೆ ಡ್ರೈವರಿಗೆ ತೋರಿಸಿ, "ಪಾಪ, ಆವತ್ತು ಇವನೂ ತುಂಬಾ ಒದ್ದಾಡಿದ," ಅಂತಾರೆ. ಅವಳು ಮಾತ್ರ ನನ್ನ ಮುಖಾನೇ ನೋಡ್ತಾಳೆ. ಅದಕ್ಕೇ ಕೊನೆಯನ್ನ ಕಟ್ಟಿ ಹೇಳಿದೆ.