ನಂಜಮ್ಮನನ್ನು ನಾನು ಅಳಿಸಿದ್ದು

ಸ್ವಭಾವದಿಂದ ನಾನು ಸಾಧು ಮನುಷ್ಯ. ಜಿರಲೆ ಕಂಡರೆ ಅದನ್ನು ಹೊಡೆಯುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿ ಪಕ್ಕದ ಕೋಣೆಗೆ ಹೋಗಿಬಿಡುವವನು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಅಷ್ಟು ವರ್ಷ ಪಾಠ ಮಾಡಿದರೂ ಒಬ್ಬನ ಕಿವಿಯನ್ನೂ ಹಿಂಡಿದವನಲ್ಲ. ಅಂಥ ನಾನು ಐವತ್ತೊಂದನೆಯ ವಯಸ್ಸಿನಲ್ಲಿ, ಜಯಲಕ್ಷ್ಮಿಪುರಂನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ಹಾಡಹಗಲೇ, ಸುತ್ತಲೂ ಹತ್ತು ಜನ ಕೂತಿರುವಾಗ, ನಮ್ಮ ಶಾಲೆಯ ಅಟೆಂಡರ್ ನಂಜಮ್ಮನನ್ನು ತಲೆಯಿಂದ ಕಾಲಿನವರೆಗೆ ಅಳಿಸಿಹಾಕಿದೆ. ಅಳಿಸಿದ ಮೇಲೆ ಕೆಳಗಿನ ಬೇಕರಿಗೆ ಹೋಗಿ ಒಂದು ಖಾರಾ ಬನ್ನನ್ನೂ ತಿಂದೆ. ಇವತ್ತು ನೆನೆಸಿಕೊಂಡರೆ ಮೈ ಜುಂ ಎನ್ನುತ್ತದೆ. ಆ ಹೊತ್ತಿನಲ್ಲಿ ಮಾತ್ರ ಬನ್ನು ಬಹಳ ರುಚಿಯಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಚಾಮರಾಜಪುರಂನಲ್ಲಿದ್ದ ನಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಂಪ್ಯೂಟರನ್ನೂ ಒಂದು ಡಿಜಿಟಲ್ ಕ್ಯಾಮೆರಾವನ್ನೂ ಕೊಡುಗೆಯಾಗಿ ಕೊಟ್ಟ. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮೇಲೊಂದು ಬಟ್ಟೆ ಹೊದಿಸಿದೆವು. ಅಷ್ಟು ಮಡಿಯಾದ ವಸ್ತುವನ್ನು ಮುಟ್ಟಲು ಆಮೇಲೆ ಯಾರಿಗೂ ಧೈರ್ಯ ಬರಲಿಲ್ಲ. ನಮ್ಮ ಹೆಡ್‌ಮಾಸ್ಟರು ಸಿದ್ದಲಿಂಗಪ್ಪನವರು ಒಂದು ದಿನ ನನ್ನನ್ನು ಕರೆದು, "ಮೂರ್ತಿಗಳೇ, ನೀವು ಹೋಗಿ ಇದನ್ನ ಕಲೀರಿ. ಭೂಪಟ ಬರೆದು ಬರೆದು ನಿಮ್ಮ ಕೈ ಪಳಗಿದೆ" ಎಂದರು. ಭೂಪಟಕ್ಕೂ ಕಂಪ್ಯೂಟರಿಗೂ ಏನು ಸಂಬಂಧವೋ ಕಾಣೆ. ಹೊಗಳಿದರಲ್ಲ ಎಂದು ಒಪ್ಪಿಕೊಂಡೆ.

ಸೆಂಟರಿನಲ್ಲಿ ಕಲಿಸುವವಳು ನನ್ನ ಹಳೆಯ ಶಿಷ್ಯೆ ಸುಷ್ಮಾ. ಎಂಟನೇ ತರಗತಿಯಲ್ಲಿ ಅವಳಿಗೆ ಕಾವೇರಿಯ ಉಪನದಿಗಳು ಬಾರದೆಂದು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಅವಳು ನನ್ನ ಹಿಂದೆ ನಿಂತು, "ಸಾರ್, ಮೌಸನ್ನ ಗಾಳೀಲಿ ಎತ್ತಬೇಡಿ, ಟೇಬಲ್ ಮೇಲೇ ಓಡಾಡ್ಲಿ" ಎನ್ನುತ್ತಿದ್ದಳು. ಪತ್ರ ಟೈಪ್ ಮಾಡುವುದನ್ನು ಕಲಿಯುವಷ್ಟರಲ್ಲಿ ಬೇಸರ ಬಂತು. ಆಗ ಅವಳು ಫೋಟೋ ತಿದ್ದುವ ಸಾಫ್ಟ್‌ವೇರ್ ತೆಗೆದು ತೋರಿಸಿದಳು. ಅದರಲ್ಲಿ ರಬ್ಬರ್ ಸ್ಟಾಂಪಿನ ಗುರುತಿನ ಒಂದು ಉಪಕರಣವಿತ್ತು. ಫೋಟೋದ ಒಂದು ಕಡೆಯಿಂದ ಗೋಡೆಯನ್ನೋ ಆಕಾಶವನ್ನೋ ಎತ್ತಿ ಇನ್ನೊಂದು ಕಡೆ ಒತ್ತಿದರೆ, ಅಲ್ಲಿದ್ದ ಕಲೆ ಮಾಯವಾಗಿ ಗೋಡೆಯೇ ಕೂತಿರುತ್ತಿತ್ತು. ಸ್ಕ್ರೀನನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅದಕ್ಕಿಂತ ಗಾಬರಿಯಾದದ್ದು ಅನ್‌ಡೂ ಕಂಡು. ಎರಡು ಬೆರಳು ಒತ್ತಿದರೆ ಮಾಡಿದ ತಪ್ಪು ಮಾಡೇ ಇಲ್ಲದಂತೆ ಆಗುವುದೆಂದರೇನು! ಇಂಥದೊಂದು ವ್ಯವಸ್ಥೆ ಜಗತ್ತಿನಲ್ಲಿದೆ ಎಂದು ಐವತ್ತು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಮೊದಲ ಪ್ರಯೋಗಕ್ಕೆ ನನ್ನದೇ ಫೋಟೋ ತೆಗೆದುಕೊಂಡು ಗದ್ದದ ಕೆಳಗಿನ ಇನ್ನೊಂದು ಗದ್ದವನ್ನು ಅಳಿಸಲು ಹೋಗಿ ಕತ್ತನ್ನೂ ಅಳಿಸಿದೆ. ಪ್ರಿಂಟ್ ತಂದು ಹೆಂಡತಿಗೆ ತೋರಿಸಿದರೆ ಅವಳು ಬಹಳ ಹೊತ್ತು ನೋಡಿ, "ಪಾಪ, ಯಾರ್ರೀ ಇವರು? ಏನಾಗಿತ್ತು ಇವರಿಗೆ?" ಎಂದು ಕೇಳಿದಳು.

ಅಷ್ಟರಲ್ಲಿ ಶಾಲೆಯ ಆಫೀಸಿನಲ್ಲಿ ತೂಗುಹಾಕಲು ಸಿಬ್ಬಂದಿಯ ಗ್ರೂಪ್ ಫೋಟೋ ಬೇಕೆಂದು ಆಡಳಿತ ಮಂಡಳಿಯವರು ಹೇಳಿದರು. ಅಂಗಳದಲ್ಲಿ ಕುರ್ಚಿ ಹಾಕಿ ಎಲ್ಲರೂ ಸಿದ್ಧರಾದಾಗ ಸಿದ್ದಲಿಂಗಪ್ಪನವರಿಗೆ ಇಲಾಖೆಯ ಕಚೇರಿಯಿಂದ ಕರೆ ಬಂತು. "ನನ್ನ ಕುರ್ಚಿ ಖಾಲಿ ಬಿಟ್ಟು ತೆಗೀರಿ. ಆಮೇಲೆ ಮೂರ್ತಿಗಳು ನನ್ನನ್ನ ಕೂರಿಸ್ತಾರೆ" ಎಂದು ಅವರು ಸ್ಕೂಟರ್ ಹತ್ತಿ ಹೋದರು. ವಿದ್ಯಾರ್ಥಿಯೊಬ್ಬಳ ತಂದೆ ಬಂದಿದ್ದರು, ಅವರೇ ಕ್ಯಾಮೆರಾ ಹಿಡಿದು ತೆಗೆದುಕೊಟ್ಟರು. ಮಾರನೆಯ ದಿನ ಹೆಡ್‌ಮಾಸ್ಟರು ಅದೇ ಕುರ್ಚಿಯಲ್ಲಿ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡರು. ನಾನು ಎರಡನ್ನೂ ಹಿಡಿದು ಸುಷ್ಮಾಳ ಸೆಂಟರಿಗೆ ಓಡಿದೆ.

ಒಂದು ವಾರ ಒದ್ದಾಡಿ ಅವರನ್ನು ಕತ್ತರಿಸಿ ತಂದು ಕುರ್ಚಿಯಲ್ಲಿ ಕೂರಿಸಿದೆ. ಸಿದ್ದಲಿಂಗಪ್ಪನವರು ಮೊದಲೇ ದೊಡ್ಡ ಆಳು, ನನ್ನ ಅಳತೆ ತಪ್ಪಿ ಇನ್ನಷ್ಟು ದೊಡ್ಡವರಾದರು. ಅವರ ಕುರ್ಚಿಯ ಹಿಂದೆ ನಿಂತಿದ್ದವಳು ನಂಜಮ್ಮ. ಈಗ ಅವಳ ಒಂದು ಕಣ್ಣು, ಅರ್ಧ ಮೂಗು ಮಾತ್ರ ಅವರ ಕಿವಿಯ ಪಕ್ಕದಿಂದ ಇಣುಕುತ್ತಿತ್ತು. ಹೆಡ್‌ಮಾಸ್ಟರನ್ನು ಚಿಕ್ಕದು ಮಾಡಲು ನೋಡಿದೆ, ಅವರ ಮುಖ ಸೊಟ್ಟಗಾಯಿತು. ಅವಳನ್ನು ಪಕ್ಕಕ್ಕೆ ಸರಿಸುವುದು ನನಗೆ ಬರುತ್ತಿರಲಿಲ್ಲ. ಅಳಿಸುವುದು ಬರುತ್ತಿತ್ತು. ನಿಜ ಹೇಳುತ್ತೇನೆ, ಎರಡನೇ ಸಲ ಯೋಚಿಸಲಿಲ್ಲ. ಗೋಡೆಯನ್ನು ಎತ್ತಿ ಎತ್ತಿ ಅವಳ ಮೇಲೆ ಒತ್ತಿದೆ. ಐದೇ ನಿಮಿಷದಲ್ಲಿ ಅಲ್ಲಿ ಒಬ್ಬಳು ನಿಂತಿದ್ದಳು ಎನ್ನುವುದಕ್ಕೆ ಸಾಕ್ಷಿಯೇ ಇರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ದಂಗಾದೆ. ಆ ಹುರುಪಿನಲ್ಲಿ ಡ್ರಿಲ್ ಮಾಸ್ತರರ ತಲೆಯಿಂದ ಸ್ವಲ್ಪ ಕೂದಲನ್ನು ಎತ್ತಿ ನನ್ನ ಬೋಳು ನೆತ್ತಿಗೂ ಒತ್ತಿಕೊಂಡೆ. ಸೇವ್ ಮಾಡಿದೆ. ಆಮೇಲೆ ತಿಂದದ್ದು ಆ ಬನ್ನು.

ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ ಫೋಟೋದ ಅನಾವರಣ. ಅದೇ ದಿನ ನಂಜಮ್ಮನ ನಿವೃತ್ತಿ. ಮೂವತ್ತು ವರ್ಷ ಬೆಲ್ಲು ಹೊಡೆದವಳಿಗೆ ಒಂದು ಶಾಲು, ಒಂದು ಹಾರ. ಹಾರ ತೆಗೆದು ಮೊಳೆಗೆ ನೇತುಹಾಕಿ ಅವಳೇ ಎಲ್ಲರಿಗೂ ಕಾಫಿ ತಂದಳು, ಬೇರೆ ಯಾರು ತರಬೇಕು? ಹೆಡ್‌ಮಾಸ್ಟರು ಪರದೆ ಸರಿಸಿದರು. ಚಪ್ಪಾಳೆ ಬಿತ್ತು. ನಾನು ಕಾಲರ್ ಸರಿಮಾಡಿಕೊಂಡೆ. ಅಷ್ಟರಲ್ಲಿ ಡ್ರಾಯಿಂಗ್ ಮೇಡಂ ವಸಂತಾ ಕಿಟಾರನೆ ಕಿರುಚಿದರು.

"ಅಯ್ಯೋ! ನನ್ನ ಭುಜದ ಮೇಲಿರೋ ಈ ಕೈ ಯಾರದ್ರೀ?"

ಎಲ್ಲರೂ ಮುಗಿಬಿದ್ದು ನೋಡಿದರು. ನಾನೂ ನೋಡಿದೆ. ಫೋಟೋದಲ್ಲಿ ವಸಂತಾ ಮೇಡಂ ಹೆಡ್‌ಮಾಸ್ಟರ ಪಕ್ಕದ ಕುರ್ಚಿಯಲ್ಲಿದ್ದರು. ಅವರ ಭುಜದ ಮೇಲೆ ಹಸಿರು ಗಾಜಿನ ಬಳೆ ತೊಟ್ಟ ಒಂದು ಕೈ ಮಣಿಕಟ್ಟಿನವರೆಗೆ ಸ್ಪಷ್ಟವಾಗಿತ್ತು. ಅದರ ಹಿಂದೆ ಮನುಷ್ಯರಿರಲಿಲ್ಲ, ಗೋಡೆಯಿತ್ತು. ಯಾರೋ ನಕ್ಕರು, ಯಾರೋ ದೆವ್ವ ಎಂದರು. ನಂಜಮ್ಮ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು. ಒಮ್ಮೆ ಫೋಟೋ ನೋಡಿದಳು, ಒಮ್ಮೆ ತನ್ನ ಕೈ ನೋಡಿಕೊಂಡಳು.

"ಇದು ನನ್ ಬಳೆ ಅಲ್ವಾ ಸಾ? ಮಿಕ್ಕಿದ್ ನಾನು ಎಲ್ಲೋದೆ?"

ನಗು ನಿಂತುಹೋಯಿತು. ಹೆಡ್‌ಮಾಸ್ಟರು ನನ್ನತ್ತ ತಿರುಗಿದರು. "ಅದು... ಜಾಗ ಸಾಲದೆ..." ಎಂದು ತೊದಲಿದೆ. ಅವಳು ನನ್ನ ಮುಖವನ್ನೇ ನೋಡಿ, "ಓಗ್ಲಿ ಬುಡಿ ಸಾ. ಕೈನಾದ್ರೂ ಬುಟ್ಟಿದ್ದೀರಲ್ಲ" ಎಂದು ತಟ್ಟೆ ಎತ್ತಿಕೊಂಡಳು. ನನಗೆ ಎಂದಿನಂತೆ ಸಕ್ಕರೆ ಕಡಿಮೆ ಹಾಕಿದ ಲೋಟವನ್ನೇ ಹುಡುಕಿ ಕೊಟ್ಟಳು. ಬೈದಿದ್ದರೆ ಆ ಕಾಫಿಯನ್ನು ಕುಡಿದಿರುತ್ತಿದ್ದೆನೋ ಏನೋ.

ಅಲ್ಲಿಂದ ನೇರ ಸುಷ್ಮಾಳ ಹತ್ತಿರ ಓಡಿದೆ. "ಅನ್‌ಡೂ ಮಾಡಮ್ಮ, ಬೇಗ!" ಎಂದೆ. ಅವಳು ಫೈಲ್ ತೆಗೆದು ನೋಡಿ, "ಒಂದ್ಸಲ ಸೇವ್ ಮಾಡಿ ಮುಚ್ಚಿದ ಮೇಲೆ ಅನ್‌ಡೂ ಇಲ್ಲ ಸಾರ್. ಒರಿಜಿನಲ್ ಮೇಲೇ ಸೇವ್ ಮಾಡ್ಬುಟ್ಟಿದ್ದೀರಿ. ಒಂದು ಕಾಪಿ ಇಟ್ಕೊಳ್ಳಿ ಅಂತ ಮೊದಲನೇ ಕ್ಲಾಸಲ್ಲೇ ಹೇಳಿದ್ನಲ್ಲ ಸಾರ್?" ಎಂದಳು. ಹೇಳಿದ್ದಳು, ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಕ್ಯಾಮೆರಾದಲ್ಲಿದ್ದುದನ್ನು ಕ್ರೀಡಾಕೂಟದ ದಿನ ಜಾಗ ಮಾಡಲು ನಾನೇ ಅಳಿಸಿದ್ದೆ. ಕೊನೆಗೆ ಅವಳೇ ದಾರಿ ಹೇಳಿದಳು. ನಂಜಮ್ಮನದು ಬೇರೆ ಒಂದು ಫೋಟೋ ತಂದರೆ ಅಂಟಿಸಬಹುದಂತೆ.

ಭಾನುವಾರ ಕ್ಯಾಮೆರಾ ಹಿಡಿದು ಸಿಟಿ ಬಸ್ಸಿನಲ್ಲಿ ಹಿನಕಲ್‌ಗೆ ಹೋದೆ. ನಂಜಮ್ಮ ಬಾಗಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದು ಚಾಪೆ ಹಾಸಿದಳು. ಹಳೆಯ ಫೋಟೋ ಯಾವುದಾದರೂ ಇದೆಯೇ ಎಂದು ಕೇಳಿದೆ.

"ನಂದೆಲ್ಲೈತೆ ಸಾ? ಮದ್ವೇಲೂ ಫೋಟೋದವ್ನು ಬರ್ಲಿಲ್ಲ. ಇಸ್ಕೂಲಲ್ಲಿ ತೆಗೆಯುವಾಗೆಲ್ಲ ನಾನು ಕುರ್ಚಿ ಎತ್ತಾಕ್ತಿದ್ದೆ. ಈ ಸಲಾನೇ ಮೇಡಮ್ಮೋರು ಬಾ ನಿಂತ್ಕೋ ಅಂತ ಕರ್ದಿದ್ದು."

ಇದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ದಿನಕ್ಕೆ ಎರಡು ಸಲ ಅವಳ ಕೈಯ ಕಾಫಿ ಕುಡಿದವನಿಗೆ ಗೊತ್ತಿರಲಿಲ್ಲ. ತಲೆ ಬಗ್ಗಿಸಿ, "ಇಲ್ಲೇ ನಿಂತ್ಕೊಳಿ ನಂಜಮ್ಮ, ಒಂದು ತೆಗೀತೀನಿ. ಕಂಪ್ಯೂಟರಲ್ಲಿ ನಿಮ್ಮನ್ನ ಅಲ್ಲಿಗೆ ಅಂಟಿಸ್ತೀನಿ" ಎಂದೆ. ಅಷ್ಟು ವರ್ಷದಲ್ಲಿ ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

"ಬ್ಯಾಡಿ ಸಾ, ಅಂಟಿಸ್ಬ್ಯಾಡಿ" ಎಂದರು ನಂಜಮ್ಮ. "ಬಸ್ಸೈತೆ, ನಾನೇ ಬತ್ತೀನಿ."

ಫಲಿತಾಂಶದ ಕೆಲಸಕ್ಕೆ ಎಲ್ಲರೂ ಸೇರಿದ್ದ ದಿನ ಅವರು ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಬಂದರು. ಕುರ್ಚಿಗಳನ್ನು ನಾನು ಮತ್ತು ಡ್ರಿಲ್ ಮಾಸ್ತರು ಹಾಕಿದೆವು. ನಂಜಮ್ಮ ಯಾರನ್ನೂ ಕೇಳದೆ ಹೋಗಿ ನಡುವಿನ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಅದು ಹೆಡ್‌ಮಾಸ್ಟರ ಕುರ್ಚಿ. ಸಿದ್ದಲಿಂಗಪ್ಪನವರು ನನ್ನ ಮುಖ ನೋಡಿದರು, ಹಿಂದಿನ ಸಾಲಿಗೆ ಹೋಗಿ ನಿಂತರು. ಕ್ಯಾಮೆರಾ ಹಿಡಿಯಲು ಹೊರಗಿನವರು ಯಾರೂ ಇರಲಿಲ್ಲ. "ನೀವೇ ತೆಗೀರಿ ಮೂರ್ತಿಗಳೇ, ಎಕ್ಸ್‌ಪರ್ಟು ನೀವು ತಾನೆ?" ಎಂದರು ಹೆಡ್‌ಮಾಸ್ಟರು ಅಲ್ಲಿಂದಲೇ. ಆ ಮಾತಿನಲ್ಲಿದ್ದ ಚುಚ್ಚು ನನಗೆ ಸರಿಯಾಗಿಯೇ ತಾಗಿತು. ತೆಗೆದೆ.

ಆ ಫೋಟೋ ಈಗಲೂ ಆಫೀಸಿನ ಗೋಡೆಯ ಮೇಲಿದೆ. ಎಲ್ಲರೂ ಇದ್ದಾರೆ, ನಾನಿಲ್ಲ. "ಮೂರ್ತಿ ಮೇಷ್ಟ್ರು ಯಾಕಿಲ್ಲ? ನಿಮ್ಮನ್ನೂ ಸೇರಿಸ್ಕೊಡ್ಲಾ ಸಾರ್, ಹತ್ತು ನಿಮಿಷದ ಕೆಲಸ" ಎಂದು ಸುಷ್ಮಾ ಕೇಳಿದ್ದಳು. ಬೇಡವೆಂದೆ. ಆ ಕ್ಯಾಮೆರಾದಲ್ಲಿ ಹತ್ತು ಸೆಕೆಂಡಿನ ಟೈಮರ್ ಇದೆ, ಗುಂಡಿ ಒತ್ತಿ ಓಡಿಹೋಗಿ ನಿಲ್ಲಬಹುದಿತ್ತು ಎಂದು ತಿಳಿದದ್ದು ಮುಂದಿನ ವರ್ಷ. ಹೊಸದಾಗಿ ಬಂದ ಮೇಷ್ಟ್ರುಗಳು ಫೋಟೋ ನೋಡಿ, "ಆಗ ನೀವಿನ್ನೂ ಈ ಶಾಲೆಗೆ ಬಂದಿರ್ಲಿಲ್ವಾ ಸಾರ್?" ಎಂದು ಕೇಳುತ್ತಾರೆ. ರಜೆ ಮೇಲಿದ್ದೆ ಎನ್ನುತ್ತೇನೆ.