ಕಡಲೆಕಾಯಿ ಹೊಲದ ಕಳ್ಳ ಗಣಿ

ನೆಲದ ಕೆಳಗಿನ ಕಬ್ಬಿಣವೆಲ್ಲ ಸರ್ಕಾರದ್ದು. ಅದನ್ನು ತೆಗೆಯುವವನು ಆನೆಯಾಗಲಿ ಇರುವೆಯಾಗಲಿ, ಮೊದಲು ಮುಲಿಂಡಿ ವಲಯ ಖನಿಜ ಕಚೇರಿಗೆ ಬಂದು ಪರವಾನಗಿ ಪಡೆಯತಕ್ಕದ್ದು. ನಾನು ಆ ಕಚೇರಿಯ ಬೆರಳಚ್ಚುಗಾರ. ನಮ್ಮ ವಲಯದಲ್ಲಿ ಗಣಿ ಒಂದೂ ಇಲ್ಲದ್ದರಿಂದ ಕಚೇರಿಯ ಶಿಸ್ತಿಗೆ ಈ ಪ್ರಕರಣದವರೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ. ಜಾಂಬಿಯಾದ ತಾಮ್ರವೆಲ್ಲ ಉತ್ತರದವರ ಪಾಲಾಯಿತು. ನಮ್ಮ ಪಾಲಿಗೆ ಬಂದದ್ದು ಸುಣ್ಣಕಲ್ಲಿನ ಬಿಳಿ ಮಣ್ಣು, ಮತ್ತು ಖನಿಜಾಧಿಕಾರಿ ಹಚಿಲೆನ್ಸ ಅವರು.

ಅಕ್ರಮ ಬೆಳಕಿಗೆ ಬಂದದ್ದು ಒಂದು ಹಲಗೆಯಿಂದ. ನಮೂಂಗ ಎಂಬ ಹೆಂಗಸಿನ ಹೊಲದಲ್ಲಿ ಕಡಲೆಕಾಯಿ ಗಿಡಗಳು ಪ್ರತಿ ವರ್ಷ ಕಾಮಾಲೆ ಬಂದವರಂತೆ ಹಳದಿಯಾಗುತ್ತಿದ್ದವು. ಕೃಷಿ ಸಂಶೋಧನಾ ಕೇಂದ್ರದ ಚಬೋಟ ಎಂಬ ಯುವತಿ ಬಿತ್ತನೆ ಬೀಜಕ್ಕೆ ಏನೋ ಕಪ್ಪು ಗಂಜಿ ಹಚ್ಚಿ ಕೊಟ್ಟಳು. ಆ ಸಲ ಹೊಲ ಹಸಿರೋ ಹಸಿರು. ಸಂತೋಷ ತಡೆಯಲಾರದೆ ಚಬೋಟ ರಸ್ತೆಬದಿಗೆ ಹಲಗೆ ನೆಟ್ಟಳು: ‘ಈ ಹೊಲದಲ್ಲಿ ಬ್ಯಾಕ್ಟೀರಿಯಾಗಳು ಹಗಲೂ ರಾತ್ರಿ ಮಣ್ಣಿನಿಂದ ಕಬ್ಬಿಣ ತೆಗೆಯುತ್ತಿವೆ.’

ಹಚಿಲೆನ್ಸ ಅವರು ಅದೇ ದಾರಿಯಲ್ಲಿ ಮದುವೆಯೂಟಕ್ಕೆ ಹೊರಟಿದ್ದರು. ಗಾಡಿ ನಿಲ್ಲಿಸಿ ಹಲಗೆ ಓದಿದರು. ಊಟ ಬಿಟ್ಟು ಕಚೇರಿಗೆ ಮರಳಿದರು ಎಂದರೆ ವಿಷಯದ ಗಾಂಭೀರ್ಯ ಓದುಗರಿಗೆ ತಿಳಿಯಬಹುದು. ಸಂಜೆಯೊಳಗೆ ನಾನು ಬೆರಳಚ್ಚಿಸಿದ ಪ್ರಕಟಣೆ ಹೊಲದ ಮೂಲೆಮೂಲೆಯಲ್ಲೂ ನೇತಾಡುತ್ತಿತ್ತು:

‘ಸಮಸ್ತ ಬ್ಯಾಕ್ಟೀರಿಯಾಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಪರವಾನಗಿಯಿಲ್ಲದೆ, ತಲೆಗೆ ಶಿರಸ್ತ್ರಾಣವನ್ನೂ ಧರಿಸದೆ ಗಣಿಗಾರಿಕೆ ನಡೆಸುತ್ತಿರುವುದು ಕಂಡುಬಂದಿರುತ್ತದೆ. ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ಅಲ್ಲಿಯವರೆಗೆ ಸದರಿ ಗಣಿಯ ಒಂದು ಹಿಡಿ ಮಣ್ಣನ್ನೂ ಯಾರೂ ಅಲುಗಿಸತಕ್ಕದ್ದಲ್ಲ.’

ಕಷ್ಟವಾದದ್ದು ನಮೂಂಗಳಿಗೆ. ಕಡಲೆ ಬಲಿತು ನಿಂತಿತ್ತು. ಆ ವಾರ ಕೀಳದಿದ್ದರೆ ತೊಟ್ಟು ಕಳಚಿ, ಕಾಯಿ ಮಣ್ಣಲ್ಲೇ ಉಳಿದು ಮೊಳಕೆಯೊಡೆಯುತ್ತದೆ, ವರ್ಷದ ದುಡಿಮೆ ಇಲಿಗಳ ಪಾಲಾಗುತ್ತದೆ. ಮಣ್ಣು ಅಲುಗಿಸದೆ ಕಡಲೆ ಕೀಳುವ ವಿದ್ಯೆ ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಮರುದಿನವೇ ಅವಳು ಚಬೋಟಳನ್ನು ಕರೆದುಕೊಂಡು ಕಚೇರಿಗೆ ಬಂದಳು. ಮೊದಲೇ ಕಿತ್ತು ಹುರಿದಿದ್ದ ಒಂದು ಬುಟ್ಟಿ ಕಡಲೆಕಾಯಿಯನ್ನೂ ಒಂದು ಸೋರೆಬುರುಡೆ ಚಿಬ್ವಾಂತು ಪಾನಕವನ್ನೂ ಸಾಹೇಬರ ಮುಂದಿಟ್ಟಳು.

“ಅಲ್ಲ ಸ್ವಾಮಿ, ನನ್ ಹೊಲದಲ್ಲಿ ಗಣಿ ಇದ್ದಿದ್ರೆ ನಾನ್ಯಾಕೆ ಈ ಹರಕು ಬಟ್ಟೆ ಸುತ್ಕೊಂಡು ಬರ್ತಿದ್ದೆ?”

“ಗಣಿ ಧಣಿಗಳೆಲ್ಲಾ ಮೊದ್ಲು ಹಂಗೇ ಅನ್ನೋದು ಕಣಮ್ಮ,” ಎಂದು ಹಚಿಲೆನ್ಸ ಕಡಲೆಕಾಯಿ ಬುಟ್ಟಿಗೆ ಕೈ ಹಾಕಿದರು. “ಆರೋಪಿಗಳು ಬಂದಿದಾರಾ?”

ಚಬೋಟ ಬಿರಡೆ ಹಾಕಿದ ಸೀಸೆಯನ್ನು ಮೇಜಿನ ಮೇಲಿಟ್ಟಳು. “ಇದ್ರೊಳಗಿದಾರೆ ಸಾರ್.”

“ಎದ್ದು ನಿಲ್ಲೋಕೆ ಹೇಳಿ.”

ಎಲ್ಲರೂ ಸ್ವಲ್ಪ ಹೊತ್ತು ಕಾದೆವು. ‘ಆರೋಪಿಗಳು ಮೌನ ವಹಿಸಿದರು’ ಎಂದು ನಾನು ಬೆರಳಚ್ಚಿಸಿದೆ. ಅವರ ಪರವಾಗಿ ಚಬೋಟಳೇ ಮಾತಾಡಿದಳು.

“ಸಾರ್, ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದ್ರೆ ತುಕ್ಕಾಗಿ ಗಟ್ಟಿಯಾಗಿ ಕೂತಿದೆ, ಯಾರ ಬಾಯಿಗೂ ಸಿಗಲ್ಲ. ಅದ್ರಿಂದಲೇ ಗಿಡ ಹಳದಿ ಆಗ್ತಿತ್ತು. ಅದಕ್ಕೆ ಇವು ಮೈಯೊಳಗೇ ಒಂದು ಪುಟಾಣಿ ಇಕ್ಕಳ ಮಾಡಿ ಹೊರಗೆ ಬಿಡ್ತವೆ. ಸಿಡೆರೋಫೋರ್ ಅಂತ ಅದರ ಹೆಸರು. ಅದು ಹೋಗಿ ಕಬ್ಬಿಣಾನ ಗಟ್ಟಿಯಾಗಿ ಕಚ್ಚಿ ಹಿಡ್ಕೊಳುತ್ತೆ. ಇವುಗಳ ಮೈಮೇಲೆ ಅದಕ್ಕೇ ಅಂತ ಒಂದು ಬಾಗಿಲಿದೆ. ಇಕ್ಕಳ ವಾಪಸ್ ಬಂದ್ರೆ ಆ ಬಾಗಿಲಲ್ಲಿ ಒಳಗೆ ಎಳ್ಕೋತವೆ.”

“ಹತಾರ ಬೇರೆ ಇದೆ! ಎಲ್ಲಿ, ತೋರ್ಸಿ.”

“ಕಣ್ಣಿಗೆ ಕಾಣಲ್ಲ ಸಾರ್.”

“ಬಚ್ಚಿಟ್ಟಿದಾರೆ ಅಂತ ಬರ್ಕೋ,” ಎಂದು ನನ್ನತ್ತ ನೋಡಿದರು.

“ಆದ್ರೆ ದುರಾಸೆ ಇಲ್ಲ ಸಾರ್. ಕಬ್ಬಿಣ ಸಾಕಾಯ್ತು ಅಂದ್ರೆ ಇಕ್ಕಳ ಮಾಡೋದನ್ನ ತಾವಾಗೇ ನಿಲ್ಲಿಸ್ಬಿಡ್ತವೆ.”

ಹಚಿಲೆನ್ಸ ಅವರ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ಇಡೀ ಸೇವಾವಧಿಯಲ್ಲಿ ಅವರು ಇಂಥ ಮಾತು ಕೇಳಿರಲಿಲ್ಲ. “ಸಾಕು ಅಂತಾವಾ? ಗಣಿಗಾರರು ಸಾಕು ಅಂತಾರಾ? ನಂಬೋ ಮಾತು ಆಡಮ್ಮ!”

“ಎಲ್ಲಾ ಒಂದೇ ಥರ ಇಲ್ಲ ಬಿಡಿ. ಕೆಲವು ಇಕ್ಕಳ ಮಾಡೋದೇ ಇಲ್ಲ. ಬಾಗಿಲು ಮಾತ್ರ ಇಟ್ಕೊಂಡು ಕೂತಿರ್ತವೆ. ಬೇರೆಯವರ ಇಕ್ಕಳ ಕಬ್ಬಿಣ ಹಿಡ್ಕೊಂಡು ಬಂದ್ರೆ, ಗಬಕ್ಕನೆ ಒಳಗೆ!”

ಸಾಹೇಬರ ಮುಖ ಅರಳಿತು. “ಹಂಗನ್ನಿ ಮತ್ತೆ! ಮೇಲ್ವಿಚಾರಣೆ ಇದೆ ಅಂತ ಮೊದ್ಲೇ ಹೇಳ್ಬಾರ್ದಾ?”

“ಹಂಗಾದ್ರೆ ಕಡಲೆ ಕೀಳ್ಲಾ ಸ್ವಾಮಿ?” ಎಂದು ನಮೂಂಗ ಎದ್ದೇಬಿಟ್ಟಳು.

“ಕೂತ್ಕೋ. ತೆಗೆದ ಮಾಲು ಎಲ್ಲಿಗ್ ಹೋಗ್ತಿದೆ ಅನ್ನೋದು ಗೊತ್ತಾಗ್ಬೇಕು.”

“ಸ್ವಲ್ಪ ಗಿಡಕ್ಕೂ ಸಿಗುತ್ತೆ ಸಾರ್,” ಎಂದಳು ಚಬೋಟ. “ಗಿಡದಿಂದ ಕಾಯಿಗೆ. ಕಾಯಿಂದ, ತಿಂದವರ ರಕ್ತಕ್ಕೆ.”

“ಕಳ್ಳಮಾಲು ಬಚ್ಚಿಡೋ ಜಾಗ ನೋಡಿ! ಬರ್ಕೋ: ಯಾರ ರಕ್ತದಲ್ಲಿ ಸಿಕ್ಕಿದ್ರೂ ಸರಿ, ದೊಡ್ಡೋರು ಚಿಕ್ಕೋರು ಅಂತ ನೋಡ್ದೆ ಜಪ್ತಿ ಮಾಡತಕ್ಕದ್ದು.”

ನಾನು ಬರೆದೆ. ನಮೂಂಗ ಬುಟ್ಟಿಯೊಳಗೆ ಇಣುಕಿದಳು. ಬುಟ್ಟಿ ಖಾಲಿ. ಸಾಹೇಬರ ಮುಂದೆ ಸಿಪ್ಪೆಯ ಗುಡ್ಡ.

“ಮಾಲು ಎಲ್ಲಿದೆ ಅಂದ್ರಲ್ಲ ಸ್ವಾಮಿ, ನಿಮ್ ಹೊಟ್ಟೇಲಿದೆ. ಜಪ್ತಿಗೆ ಸೂಜಿ ಎಡಗೈಗೆ ಚುಚ್ಚಿಸ್ಕೋತೀರೋ, ಬಲಗೈಗೋ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಮ್ಮ ಸಾಹೇಬರು ಹೊಟ್ಟೆ ಮುಟ್ಟಿ ನೋಡಿಕೊಂಡರು. ಆಮೇಲೆ ಸೋರೆಬುರುಡೆ ಎತ್ತಿ ಚಿಬ್ವಾಂತು ಪೂರ್ತಿ ಕುಡಿದು, ಹಳೆಯ ಹಾಳೆ ಹರಿದು ಹೊಸ ಹಾಳೆ ಏರಿಸಲು ಹೇಳಿದರು. ಆದೇಶ ಹೀಗಿತ್ತು:

‘ಸದರಿ ಬ್ಯಾಕ್ಟೀರಿಯಾಗಳನ್ನು ಅತಿ ಸಣ್ಣ ಪ್ರಮಾಣದ ಗಣಿಗಾರರೆಂದು ಮಾನ್ಯ ಮಾಡಲಾಗಿದೆ. ಇಕ್ಕಳವಿಲ್ಲದ ಬ್ಯಾಕ್ಟೀರಿಯಾಗಳನ್ನು ಮೇಲ್ವಿಚಾರಕರನ್ನಾಗಿ ನೇಮಿಸಲಾಗಿದೆ. ಸಾಕೆಂದು ಕೆಲಸ ನಿಲ್ಲಿಸುವ ದುರಭ್ಯಾಸವನ್ನು ಅವರು ತಿದ್ದತಕ್ಕದ್ದು. ಅಧಿಕಾರಿಗಳ ಶರೀರದಲ್ಲಿ ದೊರೆತ ಕಬ್ಬಿಣವನ್ನು ಸರ್ಕಾರಿ ದಾಸ್ತಾನೆಂದು ತಿಳಿಯತಕ್ಕದ್ದು.’

ನಮೂಂಗ ಅಂದೇ ಗುದ್ದಲಿ ಹಿಡಿದಳು. ಊರವರೆಲ್ಲ ಕೈಜೋಡಿಸಿದರು, ನಾನೂ ಹೋದೆ. ಬುಡ ಎತ್ತಿದರೆ ಗೊಂಚಲು ಗೊಂಚಲು ಕಾಯಿ. ಸರ್ಕಾರಿ ನೌಕರನಾಗಿ ಹೇಳಬಾರದು, ಆದರೂ ನನಗೆ ಬಹಳ ಖುಷಿಯಾಯಿತು.

ಈಗ ಸಂತೆಯಲ್ಲಿ ಜನ ಅವಳ ಬುಟ್ಟಿಯ ಮುಂದೆ ನಿಂತು, “ಈ ಅದಿರು ಹುರಿದಿದ್ದಾ, ಹಸಿಯಾ?” ಎಂದು ಕೇಳಿಯೇ ಕೊಳ್ಳುತ್ತಾರೆ. ಹಚಿಲೆನ್ಸ ಅವರು ಸರ್ಕಾರಿ ದಾಸ್ತಾನು ಕಡಿಮೆಯಾಗದಂತೆ ವಾರವಾರವೂ ತಪಾಸಣೆಗೆ ಹೋಗುತ್ತಾರೆ. ಅವರ ಗಾಡಿಯ ಸದ್ದು ಕೇಳಿದೊಡನೆ ನಮೂಂಗ ಹೊಲದಿಂದಲೇ ಕೂಗುತ್ತಾಳೆ: “ಇಕ್ಕಳ ಇಲ್ಲದೋರು ಬಂದ್ರು, ಬಾಗ್ಲು ತೆಗೀರಿ!”

ಸಾಹೇಬರಿಗೆ ಆ ಬಿರುದು ಬಹಳ ಹಿಡಿಸಿತು. ಕಚೇರಿಯ ಬಾಗಿಲ ಮೇಲೆ ತಮ್ಮ ಹೆಸರಿನ ಕೆಳಗೆ ‘ಇಕ್ಕಳರಹಿತ ಮೇಲ್ವಿಚಾರಕರು’ ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಪಕ್ಕದ ವಲಯದವರೂ ಬಂದು ನೋಡಿಕೊಂಡು ಹೋದರು. ಅದೇ ದರ್ಜೆಗೆ ಬಡ್ತಿ ಕೋರಿ ನಾನೂ ಅರ್ಜಿ ಹಾಕಿದ್ದೇನೆ. ನನಗೆ ಬರುವ ಬೆರಳಚ್ಚೂ ಒಂದು ಇಕ್ಕಳವೇ ಎಂಬ ಕಾರಣಕ್ಕೆ ಅದು ತಿರಸ್ಕೃತವಾಗುವ ಸಂಭವವಿದೆ.