ಕೌಜುಗ ಉಪಸಮಿತಿಯ ಏಕೈಕ ಹಕ್ಕಿ

ಎಂಟು-ಎ ಕನ್ನಡ ಬಳಗದ ಇತಿಹಾಸದಲ್ಲಿ ಈವರೆಗೆ ಒಂದೇ ಒಂದು ಕೌಜುಗದ ಬೇಟೆ ನಡೆದಿದೆ ಎಂಬುದು ಠರಾವಿನ ಮೂಲಕ ದೃಢಪಟ್ಟಿರುವ ಸಂಗತಿ. ಸದರಿ ಹಕ್ಕಿಯನ್ನು ಹೊಡೆದವನು ಶಿವಪ್ರಕಾಶ್, ಅಂದರೆ ನಾನು, ಎಂಬುದೂ ಅದೇ ಠರಾವಿನಲ್ಲಿ ದೃಢಪಟ್ಟಿದೆ. ಹಕ್ಕಿ ಬೀಳುವಾಗ ನನ್ನ ಕೈಯಲ್ಲಿ ಪುಳಿಯೋಗರೆ ಡಬ್ಬಿ ಇತ್ತು ಎಂಬ ವಿವರ ಅದರಲ್ಲಿ ಇಲ್ಲ. ಅದನ್ನು ಸೇರಿಸಬೇಕೆಂದು ಯಾರೂ ಸೂಚಿಸಲಿಲ್ಲ, ನಾನೂ ಸೇರಿ.

ನಮ್ಮ ಬಳಗದ ಹೆಸರು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ ಎಂಟು-ಎ ಎಕ್ಸಿಟ್ಟಿನಲ್ಲಿ ಇಳಿದು ಮನೆ ಸೇರುವ ಕನ್ನಡಿಗರೆಲ್ಲ ಇದರ ಸದಸ್ಯರು. ಒಂಬತ್ತನೇ ಎಕ್ಸಿಟ್ಟಿನವರ ಸಂಸ್ಕೃತಿ ಬೇರೆ. ಅಧ್ಯಕ್ಷರು ಓಲ್ಡ್ ಬ್ರಿಡ್ಜಿನ ಜಯರಾಮು ಅವರು. ಅವರ ಮನೆಗೆ ಎಂಟು-ಎ ಹತ್ತಿರವಲ್ಲ, ಆದರೂ ಅಧ್ಯಕ್ಷರಾದ ದಿನದಿಂದ ಅಲ್ಲೇ ಇಳಿದು ಸುತ್ತು ಹಾಕಿಕೊಂಡು ಹೋಗುತ್ತಾರೆ. ಕಾರ್ಯದರ್ಶಿ ರಜನಿ ಮೇಡಂ. ಬಳಗದ ನಿಯಮಾವಳಿಯನ್ನು ಬರೆದವರೂ ಅವರೇ, ಅದನ್ನು ಓದಿದವರೂ ಅವರೊಬ್ಬರೇ.

ಯುಗಾದಿಯ ಊಟದಲ್ಲಿ ಜಯರಾಮು ತಮ್ಮ ಹೊಸ ಹುಲ್ಲು ಕತ್ತರಿಸುವ ಯಂತ್ರದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆ ಮಾತು ನಿಲ್ಲಲಿ ಎಂಬ ಒಂದೇ ಉದ್ದೇಶದಿಂದ ನಾನು, ನಮ್ಮ ಮನೆತನದಲ್ಲಿ ಕೌಜುಗದ ಬೇಟೆ ರಕ್ತದಲ್ಲೇ ಇದೆ ಎಂದೆ. ವಾಸ್ತವವಾಗಿ ನಮ್ಮ ತಾತ ಒಮ್ಮೆ ಬೇಟೆ ನೋಡಲು ಹೋಗಿ, ದಾರಿ ತಪ್ಪಿ, ಬೇರೆ ಊರಿನ ಮದುವೆಯೊಂದರಲ್ಲಿ ಊಟ ಮಾಡಿಕೊಂಡು ಬಂದಿದ್ದರು. ಅಷ್ಟೇ ಸಂಬಂಧ. ಆದರೆ ಮಂಡ್ಯ ಕಡೆಯ ಜಯರಾಮು ಅವರ ಕಣ್ಣು ಒದ್ದೆಯಾಯಿತು. ಕೌಜುಗದ ಸಾರು, ಬಿಸಿ ಮುದ್ದೆ, ಅದನ್ನು ಬಿಟ್ಟರೆ ಜೀವನದಲ್ಲಿ ಇನ್ನೇನಿದೆ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಕೌಜುಗ ಬೇಟೆ ಮತ್ತು ಪಾಕ ಉಪಸಮಿತಿ ರಚನೆಯಾಗಿತ್ತು. ರಾಜ್ಯೋತ್ಸವದ ಊಟಕ್ಕೆ ಕಾಡು ಕೌಜುಗದ ಸಾರು ಬಡಿಸತಕ್ಕದ್ದು, ಸಂಚಾಲಕರು ಶಿವಪ್ರಕಾಶ್ ಎಂದು ಎಲ್ಲರ ಫೋನಿಗೂ ಪ್ರಕಟಣೆ ಬಂತು. ನನ್ನ ಫೋನಿಗೂ ಬಂತು. ನಾನೂ ಕೈಮುಗಿದ ಚಿಹ್ನೆ ಹಾಕಿದೆ.

ಈ ದೇಶದಲ್ಲಿ ಬೇಟೆಗೆ ಪರವಾನಗಿ ಬೇಕು, ಪರವಾನಗಿಗೆ ಮೊದಲು ಪಾಠ ಕೇಳಿ ಪರೀಕ್ಷೆ ಬರೆಯಬೇಕು. ನನ್ನ ಹೆಂಡತಿ ಚಿತ್ರಾ ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ನಾನು ಒಬ್ಬನೇ ಹೋದರೆ ಮಧ್ಯದಲ್ಲಿ ಎದ್ದು ಬರುತ್ತೇನೆಂದು ಗೊತ್ತಿದ್ದರಿಂದ ಜೊತೆಗೆ ಬಂದಳು. ಸುಮ್ಮನೆ ಕೂರುವುದೇಕೆಂದು ತಾನೂ ಹೆಸರು ಕೊಟ್ಟಳು.

ಅವಳು ಪಾಸಾದಳು. ನಾನು ಆಗಲಿಲ್ಲ. ಪೊದೆಯ ಹಿಂದೆ ಅಲ್ಲಾಡುತ್ತಿರುವುದು ಏನೆಂದು ಖಚಿತವಿಲ್ಲದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ಹೊಡೆದು ನೋಡಿದರೆ ಗೊತ್ತಾಗುತ್ತದೆ ಎಂಬ ಅರ್ಥದ ಉತ್ತರ ಆರಿಸಿದ್ದೆ. ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರನ್ನು ನಾವು ಪರೀಕ್ಷಿಸುವುದು ಹಾಗೆಯೇ. ಪಾಠ ಹೇಳಿದ ಮಹಾಶಯರು ನನ್ನನ್ನು ಪಕ್ಕಕ್ಕೆ ಕರೆದು, ಮೀನು ಹಿಡಿಯುವುದು ಕೂಡ ಒಳ್ಳೆಯ ಹವ್ಯಾಸ ಎಂದರು.

ಉಪಸಮಿತಿ ಇದನ್ನು ಹಿನ್ನಡೆ ಎಂದು ಭಾವಿಸಲಿಲ್ಲ. ಶ್ರೀಮತಿ ಚಿತ್ರಾ ಅವರು ಸಂಚಾಲಕರ ಪರವಾಗಿ ಪರವಾನಗಿ ಹೊಂದಿರುತ್ತಾರೆ ಎಂದು ರಜನಿ ಮೇಡಂ ವ್ಯಾಖ್ಯಾನಿಸಿದರು. ಮನೆಯ ಸಾಲಕ್ಕೆ ಇಬ್ಬರೂ ಸಹಿ ಹಾಕುವುದಿಲ್ಲವೇ, ಇದೂ ಹಾಗೆಯೇ ಎಂದರು.

ಮುಂದಿನ ಪ್ರಶ್ನೆ ಹಕ್ಕಿಯದು. ನಮ್ಮೂರ ಕೌಜುಗ ಇಲ್ಲಿಲ್ಲ. ಆದರೆ ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದ ಗುಡ್ಡಗಳಲ್ಲಿ ಒಂದು ಕಾಡುಹಕ್ಕಿ ಇದೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದ್ದರೂ ಅಲ್ಲಿನ ಹಳಬರು ಪಾರ್ಟ್ರಿಜ್ ಎಂದೇ ಕರೆಯುತ್ತಾರೆ. ನಿಘಂಟಿನಲ್ಲಿ ಪಾರ್ಟ್ರಿಜ್ ಅಂದರೆ ಕೌಜುಗ. ಹೆಸರು ಹೊಂದಿದ ಮೇಲೆ ಹಕ್ಕಿಯೂ ಹೊಂದಿದಂತೆ ಎಂದು ಸಭೆ ಒಪ್ಪಿತು. ನಮ್ಮೆಲ್ಲರ ವೀಸಾಗಳೂ ಅದೇ ತತ್ವದ ಮೇಲೆ ನಡೆದಿದ್ದರಿಂದ ಚರ್ಚೆ ಬೇಗ ಮುಗಿಯಿತು.

ಆ ಗುಡ್ಡಗಳಲ್ಲಿ ವಾಲ್ಟರ್ ಎಂಬ ಮುದುಕರಿದ್ದರು. ಹಿಂದೆ ಹಸು ಸಾಕಿಕೊಂಡಿದ್ದವರು, ಈಗ ಒಂದು ಬೇಟೆನಾಯಿ ಇಟ್ಟುಕೊಂಡು ಹೊಸಬರಿಗೆ ಕಾಡು ತೋರಿಸುತ್ತಿದ್ದರು. ನಾಯಿಯ ಹೆಸರು ಮೇಬಲ್. ಬಿಳಿ ಮೈ, ಮೇಲೆಲ್ಲ ಕಂದು ಚುಕ್ಕೆ, ಸಭ್ಯ ಮುಖ. ಹಕ್ಕಿಯ ವಾಸನೆ ಸಿಕ್ಕಿದರೆ ಅದು ಬೊಗಳುವುದಿಲ್ಲ, ನುಗ್ಗುವುದಿಲ್ಲ. ಒಂದು ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಹಕ್ಕಿಯ ಕಡೆಗೆ ಮೂಗು ಚಾಚಿ ಕಲ್ಲಿನಂತೆ ನಿಂತುಬಿಡುತ್ತದೆ. ಹೇಳುವವರೆಗೆ ಅಲ್ಲಾಡುವುದಿಲ್ಲ.

ಚಿತ್ರಾ ಬೇಸಿಗೆಯಿಡೀ ಪ್ರತಿ ಭಾನುವಾರ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಕಲಿತಳು. ನಾನು ನೆರಳಲ್ಲಿ ಕೂತು ಉಪಸಮಿತಿಯ ವರದಿ ಬರೆಯುತ್ತಿದ್ದೆ. ವಾಲ್ಟರ್ ಹೆಚ್ಚು ಮಾತಿನವರಲ್ಲ. ಅವರು ಅವಳಿಗೆ ಹೇಳಿಕೊಟ್ಟ ನಿಯಮ ಒಂದೇ: ನೀನು ಕೊಂದದ್ದನ್ನು ನೀನು ತಿನ್ನಬೇಕು, ಗೋಡೆಗೆ ತೂಗುಹಾಕುವುದಕ್ಕೆ ಯಾವ ಹಕ್ಕಿಯೂ ಹುಟ್ಟಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಅವಳು ಅದನ್ನೇ ಯೋಚಿಸುತ್ತಿದ್ದಳು. ನನ್ನ ಯೋಚನೆ ವರದಿಯ ಮುಖಪುಟದ ಬಗ್ಗೆ ಇತ್ತು.

ಅಕ್ಟೋಬರಿನಲ್ಲಿ ಬೇಟೆಯ ದಿನ ಬಂತು. ಚಿತ್ರಾ ಮತ್ತು ನನ್ನ ಜೊತೆ ಅಧ್ಯಕ್ಷರು, ಕಾರ್ಯದರ್ಶಿಗಳು, ಹಾಗೂ ಖಜಾಂಚಿ ಧಾರವಾಡದ ಸಮರ್ಥ್ ಹೊರಟರು. ಕಿತ್ತಳೆ ಬಣ್ಣ ತೊಟ್ಟು ಬನ್ನಿ, ದೂರದಿಂದ ಮನುಷ್ಯರೆಂದು ಗೊತ್ತಾಗಬೇಕು ಎಂದು ವಾಲ್ಟರ್ ತಿಳಿಸಿದ್ದರು. ರಜನಿ ಮೇಡಂ ಕಿತ್ತಳೆ ಬಣ್ಣದ ಮೈಸೂರು ಸಿಲ್ಕ್ ಉಟ್ಟು ಬಂದರು. ವಾಲ್ಟರ್ ಅದನ್ನು ಸ್ವಲ್ಪ ಹೊತ್ತು ನೋಡಿ, ಗೊತ್ತಾಗುತ್ತದೆ ಎಂದರು. ತಮ್ಮ ಹಳೆಯ ಎರಡು ನಳಿಗೆಯ ಕೋವಿಯನ್ನು ಚಿತ್ರಾಗೆ ಕೊಟ್ಟರು. ಪರವಾನಗಿ ಇಲ್ಲದ ಸಂಚಾಲಕನಾದ ನನಗೆ ಊಟದ ಡಬ್ಬಿಗಳನ್ನು ವಹಿಸಲಾಯಿತು.

ಹಣ್ಣೆಲೆ ಉದುರಿದ ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದಿದ್ದೆವು. ಒಂದು ಹಳೆಯ ಸೇಬಿನ ಮರದ ಹತ್ತಿರ ಮೇಬಲ್ ನಿಂತುಬಿಟ್ಟಿತು. ಮುಂಗಾಲು ಮೇಲೆ, ಬಾಲ ನೆಟ್ಟಗೆ. ವಾಲ್ಟರ್ ಬೆರಳು ತುಟಿಗಿಟ್ಟರು.

ಆಗ ರಜನಿ ಮೇಡಂ ತಗ್ಗಿದ ದನಿಯಲ್ಲಿ ಕ್ರಿಯಾಲೋಪ ಎತ್ತಿದರು. ಬಳಗದ ಅಧಿಕೃತ ಕಾರ್ಯಕ್ರಮಗಳು ಕನ್ನಡದಲ್ಲೇ ನಡೆಯತಕ್ಕದ್ದು ಎಂದು ನಿಯಮವಿದೆ, ಆದ್ದರಿಂದ ನಾಯಿಗೆ ಮುಂದಿನ ಆಜ್ಞೆಯನ್ನು ಕನ್ನಡದಲ್ಲಿ ಕೊಡಬೇಕು ಎಂದರು. ಜಯರಾಮು ಅವರು "ನುಗ್ಗು" ಸೂಚಿಸಿದರು. ಸಮರ್ಥ್ ಅದು ಮೈಸೂರಿನವರ ದಬ್ಬಾಳಿಕೆ, ತಮ್ಮ ಕಡೆ ಯಾರೂ ಹಾಗನ್ನುವುದಿಲ್ಲ, "ಹೋಗಲೇ" ಆಗಬೇಕು ಎಂದರು. ಪರಿಚಯವಿಲ್ಲದ ಹೆಣ್ಣುನಾಯಿಗೆ ಲೇ ಅನ್ನುವುದು ಸರಿಯಲ್ಲ, "ದಯಮಾಡಿಸಿ" ಅನ್ನಬಹುದು ಎಂದು ರಜನಿ ಮೇಡಂ. ಮತಕ್ಕೆ ಹಾಕೋಣವೆಂದು ನಾನು ಸಲಹೆ ಕೊಟ್ಟೆ. ಮೂವರು ಮೂರು ಕಡೆ ಇದ್ದರು, ನಾನು ತಟಸ್ಥ. ನಾಯಿ ಒಂದು ಕಾಲು ಎತ್ತಿಕೊಂಡೇ ನಿಂತಿತ್ತು. ಇಡೀ ಗುಂಪಿನಲ್ಲಿ ಅಷ್ಟು ಸಂಯಮ ಇನ್ನಾರಿಗೂ ಇರಲಿಲ್ಲ.

ಚಿತ್ರಾ ಯಾರಿಗೂ ಏನೂ ಹೇಳದೆ ಮುಂದೆ ನಡೆದಳು. ನಾಯಿಯನ್ನು ದಾಟಿ ಎರಡು ಹೆಜ್ಜೆ ಇಟ್ಟದ್ದೇ ತಡ, ತರಗೆಲೆಯೊಳಗಿಂದ ಗುಡುಗಿನಂಥ ಸದ್ದಿನೊಂದಿಗೆ ಹಕ್ಕಿ ಎದ್ದಿತು. ಅಧ್ಯಕ್ಷರು ಮರ ತಬ್ಬಿಕೊಂಡರು. ನಾನು ಕೂತೆ. ಕೂರುವ ಉದ್ದೇಶವಿರಲಿಲ್ಲ. ಒಂದು ಈಡು ಕೇಳಿಸಿತು. ಕಣ್ಣು ಬಿಟ್ಟಾಗ ಪುಳಿಯೋಗರೆ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದೆ, ಮೇಬಲ್ ಹಕ್ಕಿಯನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ಚಿತ್ರಾಳ ಕಾಲ ಬಳಿ ತಂದು ಇಡುತ್ತಿತ್ತು.

ಅವಳು ಕೋವಿಯನ್ನು ನಳಿಗೆಯ ಬುಡದಲ್ಲಿ ಮಡಚಿ ವಾಲ್ಟರ್ ಕೈಗೆ ಕೊಟ್ಟು ಮಂಡಿಯೂರಿ ಕೂತಳು. ಬೂದು ಕಂದು ಪುಕ್ಕ, ಬೀಸಣಿಗೆಯಂಥ ಬಾಲ, ಮೈ ಇನ್ನೂ ಬೆಚ್ಚಗಿತ್ತು. ಅಂಗೈಯಲ್ಲಿ ಹಿಡಿದು ಪುಕ್ಕ ನೇವರಿಸಿದಳು. ಅಳುತ್ತಿದ್ದಳೋ ಏನೋ ನನಗೆ ಗೊತ್ತಾಗಲಿಲ್ಲ. ನನ್ನನ್ನು ಆಗ ಹಕ್ಕಿಯ ಮಾಲೀಕನ ಭಂಗಿಯಲ್ಲಿ ನಿಲ್ಲಿಸಿ ಫೋಟೋ ತೆಗೆಯಲಾಗುತ್ತಿತ್ತು. ಸಂಚಾಲಕರ ಪರವಾಗಿ ಹಾರಿದ ಗುಂಡು ಸಂಚಾಲಕರದೇ ಎಂದು ರಜನಿ ಮೇಡಂ ಸ್ಥಳದಲ್ಲೇ ನಿರ್ಣಯಿಸಿದ್ದರು.

ಆ ದಿನ ಇನ್ನೊಂದು ಹಕ್ಕಿ ಸಿಗಲಿಲ್ಲ. ನಮ್ಮ ಚರ್ಚೆ ಮುಂದಿನ ಗುಡ್ಡಕ್ಕೂ ಕೇಳಿಸುತ್ತಿತ್ತು ಎಂದು ವಾಲ್ಟರ್ ಹೇಳಿದರು.

ಹೀಗೆ ಇನ್ನೂರಕ್ಕೂ ಹೆಚ್ಚು ಸದಸ್ಯರಿಗೆ ಒಂದು ಹಕ್ಕಿ ಆಯಿತು. ತುರ್ತು ಸಭೆ ಸೇರಿತು. ಸದಸ್ಯರೆಲ್ಲರಿಗೂ ಸಮಾನ ಹಕ್ಕಿರುವುದರಿಂದ, ಹಾಗೂ ಸದರಿ ಹಕ್ಕಿಯನ್ನು ಸಮಾನವಾಗಿ ಹಂಚಲು ಆಗದಿರುವುದರಿಂದ, ಯಾರೂ ಅದನ್ನು ತಿನ್ನತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಹಕ್ಕಿಯನ್ನು ಹೆಪ್ಪುಗಟ್ಟಿಸಿ ವೇದಿಕೆಯ ಮೇಲೆ ಐಸ್ ಪೆಟ್ಟಿಗೆಯಲ್ಲಿ ಇಡುವುದು, ಅದರ ಸಮ್ಮುಖದಲ್ಲಿ ಅಂಗಡಿಯ ಕೋಳಿಸಾರನ್ನು ಕೌಜುಗದ ಸಾರು ಎಂದು ಬಡಿಸುವುದು, ಸಾರಿಗೆ ಬೇಕಾದ ಕಾಡಿನ ಗುಣ ಸಾನ್ನಿಧ್ಯದಿಂದಲೇ ಬರುತ್ತದೆ ಎಂದೂ ಸೇರಿಸಲಾಯಿತು. ಸಸ್ಯಾಹಾರಿ ಸದಸ್ಯರು ಬಂದಾಗ ಪೆಟ್ಟಿಗೆಯ ಮುಚ್ಚಳ ಹಾಕತಕ್ಕದ್ದು. ಅಲ್ಲಿಯವರೆಗೆ ಹಕ್ಕಿ ಸಂಚಾಲಕರ ಮನೆಯ ಫ್ರೀಜರಿನಲ್ಲಿ, ಸಂಚಾಲಕರ ಜವಾಬ್ದಾರಿಯಲ್ಲಿ ಇರತಕ್ಕದ್ದು.

ಚಿತ್ರಾ ಅದಾಗಲೇ ಪುಕ್ಕ ತರಿದು, ಒಲೆಯ ಮೇಲೆ ಸುಟ್ಟು, ತೊಳೆದು ಇಟ್ಟಿದ್ದಳು. ತೀರ್ಮಾನವನ್ನು ಓದಿ ಹೇಳಿದಾಗ ಹಕ್ಕಿಯನ್ನು ಫ್ರೀಜರಿಗೆ ಹಾಕಿ ಬಾಗಿಲು ಮುಚ್ಚಿದಳು. ರಾಜ್ಯೋತ್ಸವದ ಹಿಂದಿನ ಮಧ್ಯಾಹ್ನ ಹೊರಗಿಂದ ಬಂದಾಗ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿನವರೆಗೆ ಹುರಿದ ಕೊತ್ತಂಬರಿ ಬೀಜದ ಘಮ ಬರುತ್ತಿತ್ತು. ಒಳಗೆ ಹಕ್ಕಿ ಕರಗಿ ಮೆತ್ತಗಾಗಿ ಮಣೆಯ ಮೇಲೆ ಮಲಗಿತ್ತು. ನಾನು ತೀರ್ಮಾನವನ್ನು ನೆನಪಿಸಿದೆ. ಒಂಬತ್ತನೇ ಎಕ್ಸಿಟ್ಟಿನವರು ಬಿಟ್ಟುಹೋದಾಗ ಬಳಗ ಈಗಾಗಲೇ ಒಮ್ಮೆ ಒಡೆದಿದೆ, ಇದು ಗೊತ್ತಾದರೆ ಮತ್ತೆ ಒಡೆಯುತ್ತದೆ, ನಾನು ಮುಖ ಎತ್ತಿಕೊಂಡು ಟರ್ನ್‌ಪೈಕಿನಲ್ಲಿ ಓಡಾಡುವ ಹಾಗಿಲ್ಲ ಎಂದೆ.

ಅವಳು ಚಾಕು ಕೆಳಗಿಟ್ಟಳು.

"ಅದನ್ನ ಕೊಂದೋಳು ನಾನಾ, ನಿಮ್ಮ ಬಳಗಾನಾ?"

ನಾನು ಠರಾವಿನ ಪ್ರಕಾರ ಉತ್ತರ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

"ನೀನು," ಎಂದೆ.

"ಹಾಗಾದ್ರೆ ಮುದ್ದೆ ಕಟ್ಟಿ."

ಕಾಲಿನ ತುಂಡುಗಳನ್ನು ಮೊದಲು ಹಾಕಿ ನಿಧಾನವಾಗಿ ಬೇಯಿಸಿದಳು, ಎದೆಯ ಮಾಂಸವನ್ನು ಕೊನೆಯಲ್ಲಿ ಹಾಕಿ ಬೇಗ ಇಳಿಸಿದಳು. ಹೆಚ್ಚು ಬೆಂದರೆ ನಾರಾಗುತ್ತದೆಂದು ವಾಲ್ಟರ್ ಹೇಳಿದ್ದರಂತೆ. ಮಸಾಲೆ ಮಾತ್ರ ಅವಳಮ್ಮನದು. ನನ್ನ ಮುದ್ದೆಯಲ್ಲಿ ಗಂಟುಗಳಿದ್ದವು. ಇಬ್ಬರೂ ಎದುರೆದುರು ಕೂತು ಉಂಡೆವು. ಮಾಂಸಕ್ಕೆ ಕೋಳಿಯ ರುಚಿಯಲ್ಲ, ಎಲೆ, ಮೊಗ್ಗು, ತಂಪು ಮಣ್ಣು ತಿಂದು ಬೆಳೆದದ್ದರ ರುಚಿ. ನನ್ನ ಹಲ್ಲಿಗೆ ಈಡಿನ ಒಂದು ಚರೆ, ಸಾಸಿವೆಯಂಥ ಸೀಸದ ಗುಂಡು, ಸಿಕ್ಕಿತು. ತಟ್ಟೆಯ ಅಂಚಿಗಿಟ್ಟೆ. ಚಿತ್ರಾ ಮೂಳೆಗಳನ್ನೂ ಬಿಡಲಿಲ್ಲ. ಊಟ ಮುಗಿದ ಮೇಲೆ ವಾಲ್ಟರ್‌ಗೆ ಫೋನ್ ಮಾಡಿ, ತಿಂದೆ ಎಂದಳು. ಅವರು ಆ ಕಡೆಯಿಂದ, ಸರಿ ಎಂದರಂತೆ. ಅಷ್ಟಕ್ಕೇ ಅವಳ ಮುಖ ಹಗುರಾಯಿತು. ಬೇಸಿಗೆಯಿಂದ ನಾನು ಬರೆದ ವರದಿಗಳಲ್ಲಿ ಯಾವುದೂ ಅಂಥ ಪರಿಣಾಮ ಮಾಡಿರಲಿಲ್ಲ.

ಆಮೇಲೆ ನಾನು ಅಂಗಡಿಗೆ ಹೋಗಿ ಹೆಪ್ಪುಗಟ್ಟಿದ ಒಂದು ಪುಟ್ಟ ಕೋಳಿ ತಂದೆ. ಕಾರ್ನಿಷ್ ಹೆನ್ ಅನ್ನುತ್ತಾರೆ. ಪುಕ್ಕ ತೆಗೆದ ಮೇಲೆ ಎಲ್ಲರೂ ಒಂದೇ. ಪ್ಲಾಸ್ಟಿಕ್ ಹೊದಿಕೆ, ಅದರ ಮೇಲಿದ್ದ ಅಡುಗೆ ಸೂಚನೆ ಕಿತ್ತು ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದೆ.

ಮರುದಿನ ಸಭಾಂಗಣ ತುಂಬಿತ್ತು. ಸದಸ್ಯರು ಸಾಲಾಗಿ ಬಂದು ಪೆಟ್ಟಿಗೆಯೊಳಗೆ ಇಣುಕಿದರು, ಮಕ್ಕಳನ್ನು ಎತ್ತಿ ತೋರಿಸಿದರು. ಸಸ್ಯಾಹಾರಿಗಳು ಮುಚ್ಚಳದ ಮುಂದೆ ಸ್ವಲ್ಪ ಹೊತ್ತು ನಿಂತು ಮುಂದೆ ಸಾಗಿದರು. ಕೋಳಿಸಾರು ಉಂಡವರೆಲ್ಲ ಕಾಡಿನ ಘಮ ಸ್ಪಷ್ಟವಾಗಿದೆ ಎಂದರು. ಊರಿಂದ ಬಂದಿದ್ದ ಜಯರಾಮು ಅವರ ತಾಯಿ ಗೌರಮ್ಮನವರು ಚಿಕ್ಕಂದಿನಲ್ಲಿ ನಿಜವಾದ ಕೌಜುಗ ಉಂಡವರು. ಅವರನ್ನು ಕೇಳಿದಾಗ ಉಪ್ಪು ಕಮ್ಮಿ ಎಂದರು. ಇದನ್ನು ತಜ್ಞರ ಅನುಮೋದನೆ ಎಂದು ಪರಿಗಣಿಸಲಾಯಿತು.

ನನಗೆ ಪೇಟ ತೊಡಿಸಿ, ಶಾಲು ಹೊದಿಸಿ, ಕೌಜುಗ ಕೇಸರಿ ಎಂಬ ಬಿರುದು ಕೊಟ್ಟರು. ವಂದನಾರ್ಪಣೆಯಲ್ಲಿ ಸಹಕರಿಸಿದ ಶ್ರೀಮತಿಯವರಿಗೂ ಧನ್ಯವಾದ ಹೇಳಿದರು. ಶ್ರೀಮತಿಯವರು ಹಿಂದಿನ ಸಾಲಿನಲ್ಲಿ ಕೂತು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭಾವುಕರಾಗಿದ್ದಾರೆ ಎಂದು ಪಕ್ಕದವರು ನೀರು ಕೊಟ್ಟರು.

ಹಕ್ಕಿಯನ್ನು ಶಾಶ್ವತವಾಗಿ ಕಾಪಾಡಬೇಕೆಂದು ಮಹಾಸಭೆ ಒಪ್ಪಿದ್ದರಿಂದ ಅದು ಈಗ ಜಯರಾಮು ಅವರ ಗರಾಜಿನಲ್ಲಿ ಪ್ರತ್ಯೇಕ ಫ್ರೀಜರಿನಲ್ಲಿದೆ. ಕರೆಂಟು ಹೋದರೆ ಇರಲೆಂದು ಜನರೇಟರ್ ಬಂದಿದೆ. ಹೊಸ ಸದಸ್ಯರು ಮೊದಲು ಅಲ್ಲಿಗೆ ಹೋಗಿ ಬರುವುದು ರೂಢಿಯಾಗಿದೆ. ಭಾನುವಾರಗಳಲ್ಲಿ ಚಿತ್ರಾ ಈಗಲೂ ಗುಡ್ಡಕ್ಕೆ ಹೋಗುತ್ತಾಳೆ, ಮೇಬಲ್ ಜೊತೆ ಸುಮ್ಮನೆ ನಡೆದಾಡಿ ಬರುತ್ತಾಳೆ. ಆ ದಿನ ನಾನು ಗರಾಜಿನಲ್ಲಿ ಬಂದವರಿಗೆ ಬೇಟೆಯನ್ನು ವಿವರಿಸುತ್ತೇನೆ.

ಕಳೆದ ವಾರ ಜಯರಾಮು ಅವರು ಕೈಗವಸು ಹಾಕಿಕೊಂಡು ಹಕ್ಕಿಯನ್ನು ಎತ್ತಿ ಬೆಳಕಿಗೆ ಹಿಡಿದರು. ರೆಕ್ಕೆಯ ಕೆಳಗೆ ಒಂದು ಕಡೆ ಬೆರಳಿಟ್ಟು, "ನೋಡಿ ಶಿವಪ್ರಕಾಶ್, ನಿಮ್ಮ ಈಡು ಇಲ್ಲೇ ತಗುಲಿರೋದು," ಎಂದರು.

ನಾನು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದೆ. ಗುರುತು ಸಣ್ಣದೇ, ಆದರೆ ಸ್ಪಷ್ಟವಾಗಿತ್ತು.